ಮೂರನೇ ಪುಟದ ನಕ್ಷತ್ರ

ಮಾರ್ಚ್ 3

ಕೆಂಪಿಂಕು,

ಗಾಡಿ ಬಂತು. ಬೂದು ಬಣ್ಣ, ನಾಲ್ಕು ಬಾಗಿಲು, ಒಳಗೆಲ್ಲ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಎಡಗಾಲಿಗೆ ಕೆಲಸವೇ ಇಲ್ಲದ ಆಟೋಮ್ಯಾಟಿಕ್. ನನ್ನ ಎಡಗಾಲಿಗೂ ಕೆಲಸ ಮಾಡುವ ಇರಾದೆ ಇಲ್ಲವಾದ್ದರಿಂದ ಇಬ್ಬರಿಗೂ ಸರಿಹೋಯಿತು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಅಚ್ಚಿನ ಯಂತ್ರದ ಪಕ್ಕ ಮೂವತ್ತೊಂದು ವರ್ಷ ಕೂತು ಪ್ರೂಫ್ ತಿದ್ದಿ ನಿನ್ನ ಕಿವಿ ಅರ್ಧ ಹೋಗಿದೆ. ಫೋನಿನಲ್ಲಿ ನಾನು ಬೈದರೂ ನೀನು ‘ಹೂಂ ಅಕ್ಕಾ, ನಾವೆಲ್ಲ ಚೆನ್ನಾಗಿದ್ದೀವಿ’ ಅನ್ನುತ್ತೀ. ಇವತ್ತು ನನಗೆ ಬಂದಿರುವ ಸಿಟ್ಟು ಹಾಗೆ ವ್ಯರ್ಥವಾಗಬಾರದು.

ವಿಷಯಕ್ಕೆ ಬರುತ್ತೇನೆ. ಸೀಟು ತಿರುಗುವುದಿಲ್ಲ.

ಅಂಗಡಿಯ ಮೆಟ್ಟಿಲಿನಿಂದ ಬಿದ್ದು ಮಂಡಿಗೆ ಕಂಬಿ ಹಾಕಿಸಿಕೊಂಡ ಮೇಲೆ ಈ ಕಾಲು ಮಡಚುವುದಿಲ್ಲ, ನಿನಗೆ ಗೊತ್ತು. ಆರು ವರ್ಷದಿಂದ ಯಾವ ಗಾಡಿ ಹತ್ತಬೇಕಾದರೂ ನಿನ್ನ ಭಾವ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗೆ ಸರಿಸಬೇಕು. ಕಾಲನ್ನು ಆಮೇಲೆ ಬೇರೆ ಸಾಮಾನಿನ ಹಾಗೆ ಒಳಗಿಡಬೇಕು. ಅವರು ಒಂದು ದಿನವೂ ಮುಖ ಸಿಂಡರಿಸಿಲ್ಲ, ಒಳ್ಳೆಯವರು. ಆದರೆ ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳದೆ ಈ ಆರು ವರ್ಷದಲ್ಲಿ ನಾನು ಬೀದಿಯ ತಿರುವು ದಾಟಿಲ್ಲ. ಹಾಸಿಗೆ ಬಿಟ್ಟು ಏಳಲಾರದವರ ಮನೆಗೇ ಹೋಗಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಟ್ಟು ಬರುತ್ತಿದ್ದವಳು ನಾನು. ಈಗ ಅಂಗಡಿಯ ಕುರ್ಚಿಯಲ್ಲಿ ಬೊಂಬೆಯ ಹಾಗೆ ಕೂತಿದ್ದೇನೆ.

ಅದಕ್ಕೇ ಹೋದ ಡಿಸೆಂಬರಿನಲ್ಲಿ ಓಡಿಸಲು ಕಲಿತದ್ದು, ಅದಕ್ಕೇ ಈ ಗಾಡಿ. ಬ್ರೋಷರಿನ ಮೂರನೇ ಪುಟದಲ್ಲಿ ಈ ವಿಷೇಶ ಸೌಲಭ್ಯದ ಬಗ್ಗೆ ಹೀಗೆ ಬರೆದಿದ್ದಾರೆ: ‘ಗುಂಡಿ ಒತ್ತಿದರೆ ಸಾಕು, ಚಾಲಕರ ಆಸನವೇ ಬಾಗಿಲಿನತ್ತ ತಿರುಗಿ ನಿಮ್ಮನ್ನು ಬರಮಾಡಿಕೊಳ್ಳುತ್ತದೆ.’ ಷೋರೂಮಿನಲ್ಲಿ ನಿಲ್ಲಿಸಿದ್ದ ಗಾಡಿಯಲ್ಲಿ ಮೂರು ಸಲ ಕೂತು ತಿರುಗಿ ಎದ್ದು ಬಂದಿದ್ದೆ. ನನ್ನ ಗಾಡಿಯಲ್ಲಿ ಗುಂಡಿಯೇ ಇಲ್ಲ. ಸೀಟಿನ ಕೆಳಗೆ, ಪಕ್ಕ, ಹಿಂದೆ ಎಲ್ಲ ತಡಕಾಡಿದೆ. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ನಿನ್ನ ಭಾವ ಬೀದಿಯಲ್ಲೇ ತೋಳು ಚಾಚಿ ನಿಂತು, ‘ಬಾ, ನಾನಿದ್ದೀನಲ್ಲ’ ಅಂದರು. ನಾನು ಗಾಡಿಯ ಬಾಗಿಲು ಹಾಕಿ ಕುಂಟುತ್ತಾ ಮನೆಯೊಳಗೆ ಬಂದುಬಿಟ್ಟೆ.

ಮೂರನೇ ಪುಟದ ನಕಲು ಇದರ ಜೊತೆ ಇಟ್ಟಿದ್ದೇನೆ. ನೀನು ಅಕ್ಷರದವನು. ಓದಿ ಹೇಳು, ಇದರಲ್ಲಿ ಎರಡರ್ಥ ಏನಾದರೂ ಇದೆಯಾ?

ಅಕ್ಕ

*

ಮಾರ್ಚ್ 12

ಅಕ್ಕನಿಗೆ,

ಹೊಸ ಗಾಡಿ ಬಂದದ್ದು ಬಹಳ ಸಂತೋಷ. ಬೂದು ಬಣ್ಣ ಒಳ್ಳೆಯದು, ಧೂಳು ಕಾಣುವುದಿಲ್ಲ.

ನಿನ್ನ ಪತ್ರದಲ್ಲಿ ‘ವಿಶೇಷ’ವನ್ನು ‘ವಿಷೇಶ’ ಎಂದು ಬರೆದಿದ್ದೀಯ. ಮೊದಲು ಬರುವುದು ಶ, ಆಮೇಲೆ ಷ. ಶಾಲೆಯಲ್ಲಿದ್ದಾಗಿನಿಂದಲೂ ಹೇಳುತ್ತಾ ಬಂದಿದ್ದೇನೆ.

ಸೀಟಿನ ವಿಷಯ. ವಾಕ್ಯದಲ್ಲಿ ಎರಡರ್ಥ ಇಲ್ಲ, ವಾಕ್ಯ ಸರಿಯಾಗಿಯೇ ಇದೆ. ಆದರೆ ಅಕ್ಕಾ, ಕಂಪನಿಯವರು ದೊಡ್ಡವರು. ಅವರ ಜೊತೆ ಗುದ್ದಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ನಿನಗೋ ಕಾಲು ಕೆರೆದು ಜಗಳಕ್ಕೆ ಹೋಗುವ ಅಭ್ಯಾಸ. ನಯವಾದ ಒಂದು ಹಲಗೆ ಸಿಗುತ್ತದಂತೆ, ಅದರ ಮೇಲೆ ಜಾರಿ ಒಳಗೆ ಕೂರಬಹುದು. ಹೇಗಿದ್ದರೂ ಭಾವನವರ ತೋಳು ಇದ್ದೇ ಇದೆ. ಇಷ್ಟಕ್ಕೆ ಬಿಟ್ಟುಬಿಡು.

ನೀನು ಕಳಿಸಿದ ನಕಲಿನಲ್ಲಿ ಪುಟದ ಕೆಳಭಾಗ ಬಂದಿಲ್ಲ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆಯಾ? ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲರೂ ಕ್ಷೇಮ. ಪ್ರೆಸ್ಸಿನಲ್ಲಿ ಪಠ್ಯಪುಸ್ತಕಗಳ ಕೆಲಸ ಬಂದಿದೆ, ಉಸಿರಾಡಲು ಪುರುಸೊತ್ತಿಲ್ಲ.

ತಮ್ಮ

*

ಮಾರ್ಚ್ 20

ಕೆಂಪಿಂಕು,

ಕಾಲು ಕೆರೆದು ಜಗಳಕ್ಕೆ ಹೋಗುತ್ತೇನಂತೆ. ಕೆರೆಯುವುದಕ್ಕೂ ಒಂದೇ ಕಾಲು ನನಗಿರುವುದು, ಅದನ್ನು ಹಲಗೆಯ ಮೇಲೆ ಜಾರಲು ಬಳಸುವುದಿಲ್ಲ.

ನೀನು ಹೇಗೆ ಊಹಿಸಿದೆಯೋ, ಕೆಳಗೆ ಒಂದು ಸಾಲು ಇದೆ. ನಿನ್ನ ಪತ್ರ ಬರುವ ಹಿಂದಿನ ದಿನವೇ ಷೋರೂಮಿನ ಮ್ಯಾನೇಜರ್ ಅದನ್ನು ತೋರಿಸಿದ. ಗಾಜಿನ ಮೇಜಿನ ಮೇಲೆ ಬ್ರೋಷರ್ ಹರಡಿ, ‘ಇಲ್ಲಿ ನೋಡಿ ಮೇಡಂ, ಬರೆದಿದೆಯಲ್ಲ’ ಎಂದು ಬೆರಳಿಟ್ಟ. ‘ನಕ್ಷತ್ರದ ಗುರುತಿರುವ ಸೌಲಭ್ಯಗಳು ಮೇಲ್ದರ್ಜೆಯ ಮಾದರಿಯಲ್ಲಿ ಮಾತ್ರ.’ ಇರುವೆ ಕಾಲಿನಷ್ಟು ಸಣ್ಣ ಅಕ್ಷರ. ನಾನು ಷೋರೂಮಿನಲ್ಲಿ ತಿರುಗಿಸಿ ನೋಡಿದ್ದು ಮೇಲ್ದರ್ಜೆಯದಂತೆ. ಪಾಪ, ಅವನಿಗೆ ನನ್ನ ಕಸುಬು ಗೊತ್ತಿರಲಿಲ್ಲ. ನಾನು ಬ್ಯಾಗಿನಿಂದ ಭೂತಗನ್ನಡಿ ತೆಗೆದು ಅವನ ಕೈಗೇ ಕೊಟ್ಟೆ.

‘ಈಗ ನೀವೇ ಎಣಿಸಿ. ಈ ಬ್ರೋಷರಿನಲ್ಲಿ ನಕ್ಷತ್ರ ಎಷ್ಟಿದೆ?’

ಅವನು ಎಣಿಸಿದ. ‘ಹನ್ನೊಂದು, ಮೇಡಂ.’

‘ಸೀಟಿನ ಸಾಲಿನ ಮುಂದೆ?’

ಅವನು ಪುಟವನ್ನು ಮೂಗಿಗೆ ತಾಗಿಸಿಕೊಂಡು ನೋಡಿದ. ಕನ್ನಡಿಯನ್ನು ಹತ್ತಿರ ತಂದ, ದೂರ ಒಯ್ದ. ಆಮೇಲೆ, ‘ಅದು ಪ್ರೆಸ್ಸಿನವರ ತಪ್ಪಿರಬೇಕು ಮೇಡಂ’ ಅಂದ.

‘ನಾನು ಗಾಡಿ ತಗೊಂಡಿದ್ದು ಪ್ರೆಸ್ಸಿನವರ ಹತ್ರ ಅಲ್ಲ, ನಿಮ್ಮ ಹತ್ರ’ ಅಂದೆ. ಅವನು ಹಲ್ಲು ಗಿಂಜಿದ. ತಣ್ಣನೆಯ ನೀರು ತರಿಸಿಕೊಟ್ಟ. ಕುಡಿಯಲಿಲ್ಲ.

ಈಗ ಹೇಳು, ಬಿಟ್ಟುಬಿಡಲಾ? ಸತ್ಯ ಹೇಳುತ್ತೇನೆ, ಷೋರೂಮಿನವನ ಮಾತಿಗಿಂತ ನಿನ್ನ ‘ಬಿಟ್ಟುಬಿಡು’ ನನಗೆ ಹೆಚ್ಚು ಚುಚ್ಚಿತು. ಚಿಕ್ಕಂದಿನಲ್ಲಿ ಒಂದು ಕೊಂಬು ತಪ್ಪಿದ್ದಕ್ಕೆ ಮೇಷ್ಟ್ರ ಜೊತೆಗೇ ವಾದಕ್ಕೆ ಇಳಿಯುತ್ತಿದ್ದವನು ನೀನು.

ಅಕ್ಕ

*

ಏಪ್ರಿಲ್ 9

ಕೆಂಪಿಂಕು,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಮೈ ಹುಷಾರಿಲ್ಲವಾ? ಪಠ್ಯಪುಸ್ತಕದ ಕೆಳಗೆ ಹೂತುಹೋದೆಯಾ? ನನ್ನ ಮಾತಿಗೆ ಮುನಿಸಿಕೊಂಡಿದ್ದರೆ ಮುನಿಸಿಕೊಂಡೇ ಓದು.

ಪ್ರತಿ ಶನಿವಾರ ನಾನೀಗ ಷೋರೂಮಿನ ಎದುರು ಇರುತ್ತೇನೆ. ಭಾವ ಗಾಡಿಯನ್ನು ಗೇಟಿನ ಎದುರಿಗೇ ನಿಲ್ಲಿಸಿ, ‘ಇದೆಲ್ಲ ಬೇಕಿತ್ತಾ ನಮಗೆ’ ಎಂದು ಗೊಣಗುತ್ತಾ ಹಿಂದಿನ ಸೀಟಿನಲ್ಲಿ ಪೇಪರ್ ಓದುತ್ತಾರೆ. ನಾನು ಚಾಲಕರ ಬಾಗಿಲು ತೆರೆದಿಟ್ಟು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಪಟ ತೂಗುಹಾಕುತ್ತೇನಲ್ಲ, ಮೇಲೆ ದೊಡ್ಡ ಅಕ್ಷರ, ಕೆಳಗೆ ಬರುತ್ತಾ ಸಣ್ಣದು, ಅಂಥದ್ದೇ ಒಂದು ಮಾಡಿಸಿದ್ದೇನೆ. ಮೊದಲ ಸಾಲಿನಲ್ಲಿ ಅಂಗೈಯಗಲ ‘ಗುಂಡಿ’. ಆಮೇಲೆ ‘ಒತ್ತಿದರೆ ಸಾಕು’. ಹಾಗೇ ಇಳಿದು ಇಳಿದು ಕೊನೆಯ ಸಾಲಿನಲ್ಲಿ ಅವರ ಇರುವೆ ಕಾಲು. ಗಾಡಿ ನೋಡಲು ಬಂದವರನ್ನೆಲ್ಲ ಕರೆದು ಒಂದು ಕಣ್ಣು ಮುಚ್ಚಿಸಿ ಓದಿಸುತ್ತೇನೆ. ಓದಿ ಮುಗಿಸಿದವರಿಗೆ, ‘ಈಗ ಗುಂಡಿ ಹುಡುಕಿ’ ಎಂದು ಸೀಟು ತೋರಿಸುತ್ತೇನೆ. ಹೋದ ವಾರ ಒಬ್ಬ ಅಜ್ಜಿ ಸೀಟಿನ ಕೆಳಗೆಲ್ಲ ಕೈಯಾಡಿಸಿ, ‘ಇವರ ಮನೆ ಹಾಳಾಗ’ ಎಂದು ಮಗನನ್ನು ಎಳೆದುಕೊಂಡು ವಾಪಸ್ಸು ಹೋದರು. ಅವರಿಗೆ ನಿಜವಾಗಿ ಕನ್ನಡಕವೂ ಬೇಕಿತ್ತು. ಅಂಗಡಿಯ ವಿಳಾಸ ಕೊಟ್ಟು ಕಳಿಸಿದೆ.

ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಟ್ಟಾಗಿದೆ. ವಿಚಾರಣೆ ಮೇ ಆರಕ್ಕೆ. ಮುಖ್ಯ ಕಚೇರಿಯಿಂದ ಉತ್ತರ ಬಂದಿದೆ: ‘ನಾವು ಕೊಟ್ಟ ಪ್ರತಿಯಲ್ಲಿ ನಕ್ಷತ್ರದ ಗುರುತು ಇತ್ತು. ಮುದ್ರಣದ ಹಂತದಲ್ಲಿ ನಮ್ಮ ಗಮನಕ್ಕೆ ಬಾರದೆ ಅದು ಬಿಟ್ಟುಹೋಗಿದೆ.’ ಬಿಟ್ಟುಹೋಯಿತಂತೆ, ಬಸ್ಸಿನಲ್ಲಿ ಕೊಡೆ ಬಿಟ್ಟುಹೋದ ಹಾಗೆ! ಯಾವನೋ ಒಬ್ಬ ಪ್ರೂಫ್ ನೋಡುವವನು ತೂಕಡಿಸಿದ್ದಾನೆ. ಕೈಗೆ ಸಿಕ್ಕರೆ ಅವನ ನೀರಿಳಿಸುತ್ತೇನೆ. ನಿನ್ನ ಕಸುಬಿನವನೇ ಅವನು, ನಿನಗೂ ನಾಚಿಕೆಯಾಗಬೇಕು.

ಪತ್ರ ಹಾಕು. ಎರಡು ಸಾಲಾದರೂ ಸಾಕು.

ಅಕ್ಕ

*

ಏಪ್ರಿಲ್ 16

ಅಕ್ಕಾ,

ಆ ಪ್ರೂಫ್ ನೋಡಿದವನು ನಾನು.

ನೀನು ಕಳಿಸಿದ ನಕಲನ್ನು ಲಕೋಟೆಯಿಂದ ತೆಗೆದ ತಕ್ಷಣ ಗೊತ್ತಾಯಿತು. ಔಷಧಿಯ ಚೀಟಿಯಿಂದ ಹಿಡಿದು ಗಾಡಿಯ ಬ್ರೋಷರಿನವರೆಗೆ ನಮ್ಮಲ್ಲಿ ಎಲ್ಲವೂ ಅಚ್ಚಾಗುತ್ತದೆ, ಯಾವುದನ್ನೂ ನಾನು ಮನೆಗೆ ತಂದು ಹೇಳಿಕೊಳ್ಳುವುದಿಲ್ಲ. ನೀನು ಯಾವ ಗಾಡಿ ಕೊಳ್ಳುತ್ತೀ ಎಂದು ನನಗೂ ಗೊತ್ತಿರಲಿಲ್ಲ.

ಹೋದ ಸೆಪ್ಟೆಂಬರಿನ ಮಾತು. ಆ ವಾರ ಯಂತ್ರದಲ್ಲಿ ಏನೋ ಕೊಳೆ ಸೇರಿ ಪ್ರತಿ ಹಾಳೆಯ ಮೇಲೂ ಚುಕ್ಕಿ ಬೀಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಚುಕ್ಕಿ ಕಂಡಲ್ಲೆಲ್ಲ ‘ಅಳಿಸಿ’ ಎಂಬ ಸುಳಿ ಗುರುತು ಹಾಕುವುದೇ ನನ್ನ ಕೆಲಸವಾಗಿತ್ತು. ಉಳಿದ ಹನ್ನೊಂದು ನಕ್ಷತ್ರಗಳು ಪದಕ್ಕೆ ಅಂಟಿಕೊಂಡು ನೆಟ್ಟಗೆ ಇದ್ದವು. ಇದೊಂದು ಮಾತ್ರ ಪೂರ್ಣವಿರಾಮದ ಆಚೆ, ಸಾಲಿನಿಂದ ಜರುಗಿ, ಅರ್ಧ ಮಸುಕಾಗಿ ಕೂತಿತ್ತು. ಕೊಳೆ ಅಂದುಕೊಂಡೆ. ಸುಳಿ ಹಾಕಿದೆ, ಪಕ್ಕದಲ್ಲಿ ಸಹಿ ಮಾಡಿದೆ. ತೂಕಡಿಸಿರಲಿಲ್ಲ ಅಕ್ಕಾ. ಕಣ್ಣು ಪೂರ್ತಿ ಬಿಟ್ಟುಕೊಂಡೇ ಅಳಿಸಿದೆ.

ಕಂಪನಿಯವರು ನಮ್ಮ ಮಾಲೀಕರಿಗೆ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ, ಯಾರು ಮಾಡಿದ್ದು ಎಂದು. ತಿದ್ದಿದ ಪ್ರೂಫ್‌ಗಳನ್ನೆಲ್ಲ ನಾವು ಒಂದು ವರ್ಷ ಕಟ್ಟು ಕಟ್ಟಿ ಬೀರುವಿನಲ್ಲಿ ಇಡುತ್ತೇವೆ. ಮಾಲೀಕರು ಇನ್ನೂ ಬೀರು ತೆಗೆಸಿಲ್ಲ. ನಾನು ದಿನಾ ಅದಕ್ಕೆ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಿದ್ದೇನೆ. ಈ ವಯಸ್ಸಿನಲ್ಲಿ, ಈ ಕಿವಿಯಲ್ಲಿ ನನಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

‘ಬಿಟ್ಟುಬಿಡು’ ಎಂದು ಮೊದಲು ಬರೆದದ್ದು ನಿನ್ನ ಒಳ್ಳೆಯದಕ್ಕೆ ಎನ್ನುವ ಹಾಗೆ ಬರೆದೆ. ಅದು ಸುಳ್ಳು. ನನಗೋಸ್ಕರ ಬರೆದದ್ದು. ಈಗ ಮುಚ್ಚುಮರೆ ಇಲ್ಲದೆ ನನಗೋಸ್ಕರವೇ ಕೇಳುತ್ತಿದ್ದೇನೆ, ಕೇಸು ಬಿಟ್ಟುಬಿಡು ಅಕ್ಕಾ.

ತಮ್ಮ

*

ಏಪ್ರಿಲ್ 22

ತಮ್ಮಾ,

ನಿನ್ನ ಪತ್ರ ಬಂದ ದಿನ ಅಂಗಡಿಯಲ್ಲಿ ಇಬ್ಬರಿಗೆ ತಪ್ಪು ಗಾಜು ಹಾಕಿ ಕೊಟ್ಟೆ. ಆಮೇಲೆ ಕರೆಸಿ ಬದಲಾಯಿಸಿದೆ. ಅದಕ್ಕೇ ಉತ್ತರ ತಡ.

ಮೊನ್ನೆ ಷೋರೂಮಿನ ಮ್ಯಾನೇಜರ್ ಮನೆಗೇ ಬಂದಿದ್ದ. ಜೊತೆಗೆ ಒಂದು ಕಾಗದ. ಹದಿನೈದು ದಿನದಲ್ಲಿ ತಿರುಗುವ ಸೀಟು ಹಾಕಿಕೊಡುತ್ತಾರಂತೆ. ನಾನು ಮಾತ್ರ ‘ಇದು ಮುದ್ರಣಾಲಯದ ಸಿಬ್ಬಂದಿಯ ತಪ್ಪು, ಕಂಪನಿಯದೇನೂ ತಪ್ಪಿಲ್ಲ’ ಎಂದು ಸಹಿ ಮಾಡಬೇಕು. ಭಾವ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ‘ಸೀಟು ಬಂತಲ್ಲ, ಇನ್ನೇನು? ಮಾಡು’ ಅಂದರು. ನಿನ್ನ ವಿಷಯ ಅವರಿಗೆ ಹೇಳಿರಲಿಲ್ಲ. ನಾನು ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸು ಕೊಟ್ಟೆ. ಮ್ಯಾನೇಜರಿಗೆ, ‘ತಪ್ಪು ನಿಮ್ಮದಲ್ಲ ಅಂತ ನಾನ್ಯಾಕೆ ಬರೆದುಕೊಡ್ಲಿ? ನಿಮ್ಮ ಹೆಸರಲ್ಲಿ ಬಂದ ಮಾತು ಅದು’ ಅಂದೆ. ಅವನು ಹೋದಾಗಿನಿಂದ ಭಾವ ನನ್ನ ಜೊತೆ ಮಾತಾಡಿಲ್ಲ. ಗಾಡಿಗೆ ಹತ್ತಿಸುವಾಗ ಮಾತ್ರ ‘ಹುಷಾರು’ ಅನ್ನುತ್ತಾರೆ.

ಆ ಸಹಿ ಹಾಕಿದ್ದರೆ ಮಾರನೇ ದಿನವೇ ಆ ಕಾಗದ ನಿನ್ನ ಮಾಲೀಕರ ಮೇಜಿನ ಮೇಲಿರುತ್ತಿತ್ತು. ಹಾಕಲಿಲ್ಲ. ಕೇಸೂ ಬಿಡುವುದಿಲ್ಲ. ನಿನ್ನಿಂದ ಏನೂ ಕೇಳುವುದಿಲ್ಲ, ಬೀರುವಿನ ಕಡೆ ನೀನು ತಿರುಗಲೂ ಬೇಡ. ಮೇ ಆರಕ್ಕೆ ನನ್ನ ಹತ್ತಿರ ಇರುವ ಒಂದು ಬ್ರೋಷರ್ ಹಿಡಿದು ನಿಲ್ಲುತ್ತೇನೆ. ಸೋತರೆ ಸೋಲುತ್ತೇನೆ.

ನೀನು ನಕ್ಷತ್ರ ಅಳಿಸಿದ್ದಕ್ಕೆ ನನಗೆ ಕೋಪವಿಲ್ಲ. ದಿನಕ್ಕೆ ಸಾವಿರ ಚುಕ್ಕಿ ನೋಡುವ ಕಣ್ಣು ಒಂದನ್ನು ತಪ್ಪು ತಿಳಿಯುತ್ತದೆ, ಕಣ್ಣಿನ ಹಣೆಬರಹ ನನಗೆ ಗೊತ್ತಿಲ್ಲವಾ. ‘ಭಾವನವರ ತೋಳು ಇದ್ದೇ ಇದೆ’ ಎಂದು ಬರೆದೆಯಲ್ಲ, ಅದಕ್ಕೆ ಕೋಪ ಇದೆ. ಆ ತೋಳಿನಲ್ಲಿ ಆರು ವರ್ಷ ನೇತಾಡಿದವಳು ನಾನು, ನೀನಲ್ಲ.

ಅಕ್ಕ

*

ಏಪ್ರಿಲ್ 29

ಅಕ್ಕಾ,

ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬರುತ್ತದೆ. ನೀನೇ ಸಹಿ ಮಾಡಿ ತೆಗೆದುಕೋ. ಮೂರನೇ ಪುಟದ ಮೂಲ ಪ್ರೂಫ್ ಅದರಲ್ಲಿದೆ.

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ. ಎದ್ದು ಬೀರು ತೆಗೆದೆ. ನೀನು ಕಳಿಸಿದ ನಕಲು ಕಂಡಾಗಿನಿಂದ ನಾನು ಆ ಹಾಳೆಯಲ್ಲಿ ನನ್ನ ಸುಳಿಯನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಹೆದರಿದವನಿಗೆ ತನ್ನ ತಪ್ಪಿನ ಪಕ್ಕ ಏನಿದೆ ಎಂದು ಕಾಣುವುದಿಲ್ಲ. ನನ್ನ ಸಹಿಯ ಕೆಳಗೆ, ನೀಲಿ ಶಾಯಿಯಲ್ಲಿ, ಕಂಪನಿಯವರ ಬರವಣಿಗೆ ಇದೆ: ‘ತಿದ್ದುಪಡಿಗಳನ್ನು ನೋಡಿದ್ದೇನೆ. ಸರಿಯಿದೆ. ಅಚ್ಚಿಗೆ ಹೋಗಲಿ.’ ಸಹಿ, ಮೊಹರು, ತಾರೀಕು ಎಲ್ಲ ಇದೆ. ಗಮನಕ್ಕೆ ಬರಲಿಲ್ಲ ಎಂದು ನಿನಗೆ ಬರೆದವರು ನನ್ನ ಕೆಂಪು ಗುರುತಿನ ಕೆಳಗೇ ಒಪ್ಪಿಗೆ ಹಾಕಿದ್ದಾರೆ.

ಕದ್ದು ತರಬಹುದಿತ್ತು. ಅದು ಬೇಡವೆನಿಸಿತು. ಹಾಳೆ ಹಿಡಿದು ಮಾಲೀಕರ ಕೋಣೆಗೆ ಹೋದೆ.

‘ಸಾರ್, ಅಳಿಸಿದ್ದು ನಾನು. ಇಲ್ಲಿದೆ ನನ್ನ ಸಹಿ. ಅದರ ಕೆಳಗೆ ಅವರದ್ದೂ ಇದೆ, ನೋಡಿ.’

ಅವರು ನೋಡಿದರು. ‘ಈ ಹಾಳೆ ಹೊರಗೆ ಹೋದ್ರೆ ಆ ಕಂಪನಿ ಕೆಲಸ ಇನ್ನು ನಮಗೆ ಬರಲ್ಲ, ಗೊತ್ತಾ?’

‘ಗೊತ್ತು ಸಾರ್.’

‘ಯಾರಿಗೆ ಕೊಡ್ತೀರಿ ಇದನ್ನ?’

‘ನಮ್ಮಕ್ಕನಿಗೆ.’

ಮಾಲೀಕರು ಹಾಳೆಯನ್ನು ನನ್ನತ್ತ ಸರಿಸಿದರು. ಆಮೇಲೆ, ‘ತಗೊಂಡು ಹೋಗಿ. ಆದ್ರೆ ನಾಳೆಯಿಂದ ಬರಬೇಡಿ’ ಅಂದರು. ಅವರ ಮೇಲೆ ನನಗೆ ದ್ವೇಷವಿಲ್ಲ. ಹಾಳೆ ಕೊಟ್ಟರಲ್ಲ, ಅಷ್ಟು ಸಾಕು. ಮೇಜಿನ ಮೇಲಿದ್ದ ಕೆಂಪು ಪೆನ್ನುಗಳನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಹೊರಗಿನ ಬೀದಿ ನನ್ನ ಅರ್ಧ ಕಿವಿಗೂ ಕೇಳುವಷ್ಟು ಸದ್ದಿನದು ಎಂದು ನನಗೆ ಗೊತ್ತೇ ಇರಲಿಲ್ಲ.

ಲಕೋಟೆಯಲ್ಲಿ ನಾನು ಬರೆದ ಹೇಳಿಕೆಯೂ ಇದೆ. ‘ಈ ಕೆಂಪು ಗುರುತು ನನ್ನದು’ ಎಂದು ಶುರುವಾಗುತ್ತದೆ. ನೀನು ಅಕ್ಕನ ಮಮತೆ ತೋರಿಸಲು ಹೋಗಿ ನನ್ನ ಸಹಿಯ ಮೇಲೆ ಮಸಿ ಬಳಿಯಬೇಡ. ಅದನ್ನು ಮುಚ್ಚಿದರೆ ಕೆಳಗಿನ ಸಹಿಗೂ ಬೆಲೆ ಇಲ್ಲ.

ತೋಳಿನ ಮಾತಿಗೆ ಕ್ಷಮೆ ಕೇಳುತ್ತೇನೆ. ಬೇರೆ ಯಾವುದಕ್ಕೂ ಯಾರ ಹತ್ತಿರವೂ ಕೇಳುವುದಿಲ್ಲ.

ತಮ್ಮ

*

ಮೇ 7

ತಮ್ಮಾ,

ಮೊದಲು ಕೇಳು, ಆಮೇಲೆ ಬೈ. ನೀನು ನನ್ನ ತಮ್ಮ ಎಂದು ಅಲ್ಲಿ ಹೇಳಿದವಳು ನಾನೇ.

ಪ್ರೂಫ್ ಹಾಳೆ ನೋಡಿದ ಕೂಡಲೇ ಕಂಪನಿಯ ವಕೀಲನ ಮುಖ ಸಣ್ಣದಾಯಿತು. ಪಕ್ಕದವನ ಕಿವಿಯಲ್ಲಿ ಏನೋ ಉಸುರಿ, ಹೇಳಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಪ್ರೆಸ್ಸಿನ ಒಳಗಿನ ಹಾಳೆ ನಿಮ್ಮ ಕೈಗೆ ಹೇಗೆ ಬಂತು? ಇದನ್ನ ಬರೆದವರು ನಿಮಗೆ ಪರಿಚಯವಾ?’ ಎಂದು ಕೇಳಿದ.

ಪರಿಚಯವಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತೇನೋ.

‘ಚೆನ್ನಾಗಿ ಪರಿಚಯ. ನನ್ನ ತಮ್ಮ’ ಅಂದೆ.

ಅವನಿಗೆ ಹಬ್ಬ. ‘ನೋಡಿ ಸ್ವಾಮಿ, ಅಕ್ಕನಿಗೋಸ್ಕರ ತಮ್ಮ ಅಳಿಸಿದ್ದಾನೆ, ಇಬ್ಬರೂ ಸೇರಿ ಮಾಡಿದ ಕೆಲಸ ಇದು’ ಎಂದು ಕೂಗಾಡಿದ. ಹಿಂದಿನ ಸಾಲಿನಲ್ಲಿ ಕೂತಿದ್ದವರೆಲ್ಲ ನನ್ನ ಕಾಲನ್ನು, ಮುಖವನ್ನು ನೋಡಿದರು. ಆಗ ಹಿಂದಿನಿಂದ ಒಂದು ಧ್ವನಿ. ನಿನ್ನ ಭಾವ! ಜೀವಮಾನದಲ್ಲಿ ನಾಲ್ಕು ಜನರ ಎದುರು ಬಾಯಿ ತೆರೆದವರಲ್ಲ. ‘ತಾರೀಕು ನೋಡಿ ಸ್ವಾಮಿ, ತಾರೀಕು!’ ಎಂದರು. ಸುಮ್ಮನಿರಿ ಎಂದು ಗದರಿಸಿದರೂ ಕೂರಲಿಲ್ಲ. ‘ಸೆಪ್ಟೆಂಬರಲ್ಲಿ ಈ ಗಾಡಿ ಮಾರಾಟಕ್ಕೇ ಬಂದಿರಲಿಲ್ಲ. ಇವಳು ಆಗ ಗಾಡಿ ಓಡಿಸೋದನ್ನೇ ಕಲಿತಿರಲಿಲ್ಲ. ನನಗೇ ಗೊತ್ತಿಲ್ಲದ ಆಸೆ ಎಲ್ಲೋ ದೂರದ ಊರಲ್ಲಿರೋ ತಮ್ಮನಿಗೆ ಹೇಗೆ ಗೊತ್ತಾಗುತ್ತೆ?’

ನ್ಯಾಯಾಲಯದ ಅಧ್ಯಕ್ಷೆ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ವಕೀಲನಿಗೆ ಒಂದೇ ಪ್ರಶ್ನೆ. ‘ಈ ನೀಲಿ ಸಹಿ ನಿಮ್ಮವರದ್ದಾ, ಅಲ್ಲವಾ?’ ಅವನು ಏನೇನೋ ಹೇಳಿದ. ‘ಹೌದಾ, ಅಲ್ಲವಾ ಅಷ್ಟು ಹೇಳಿ’ ಅಂದರು. ‘ಹೌದು’ ಎಂದ.

ಮೂವತ್ತು ದಿನದೊಳಗೆ ಸೀಟು ಹಾಕಿಕೊಡಬೇಕೆಂದು ಆದೇಶವಾಗಿದೆ. ಯಾವ ಕಾಗದಕ್ಕೂ ನಾನು ಸಹಿ ಹಾಕಬೇಕಾಗಿಲ್ಲ.

ಹೊರಗೆ ಬಂದ ಮೇಲೆ ಭಾವನಿಗೆ, ‘ನನಗೇ ಗೊತ್ತಿಲ್ಲದ ಆಸೆ ಅಂದಿರಲ್ಲ, ನಿಜವಾಗ್ಲೂ ಗೊತ್ತಿರಲಿಲ್ಲವಾ?’ ಎಂದು ಕೇಳಿದೆ. ‘ನೀನು ಹೇಳಿದ್ದೆಯಾ?’ ಅಂದರು. ಯೋಚಿಸಿದೆ. ನಿಜ, ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ನಿನ್ನ ಕೆಲಸ ಹೋಯಿತು. ಅದನ್ನು ಯಾವ ಆದೇಶವೂ ವಾಪಸ್ಸು ತರುವುದಿಲ್ಲ. ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ. ನನ್ನಿಂದ ಹೋಯಿತು ಎಂದು ಬರೆಯುತ್ತೇನೆ, ಅಷ್ಟೇ.

ಅಕ್ಕ

*

ಮೇ 15

ಅಕ್ಕಾ,

ನಿನ್ನಿಂದ ಹೋಗಲಿಲ್ಲ. ನಾನು ಬಿಟ್ಟೆ. ವಾಕ್ಯದಲ್ಲಿ ಕರ್ತೃ ತಪ್ಪಿದೆ, ತಿದ್ದಿಕೋ.

ಪಠ್ಯಪುಸ್ತಕದವರು ಹುಡುಕಿಕೊಂಡು ಬಂದು ಮನೆಗೇ ಪ್ರೂಫ್ ಕೊಟ್ಟು ಹೋಗಿದ್ದಾರೆ. ಕೆಲಸ ಮೊದಲಿನಷ್ಟಿಲ್ಲ, ಆದರೆ ಇದೆ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡಿದ್ದೇನೆ. ತಮ್ಮ ಎಂದು ಹೇಳಿದ್ದಕ್ಕೆ ಬೈಯುತ್ತೇನೆಂದು ಯಾಕೆ ಅಂದುಕೊಂಡೆ? ಅಷ್ಟು ಜನರ ಎದುರು ನೀನು ನನ್ನನ್ನು ಗೊತ್ತಿಲ್ಲ ಎಂದಿದ್ದರೆ ಆಗ ಬೈಯುತ್ತಿದ್ದೆ.

ತಮ್ಮ

*

ಜೂನ್ 11

ಕೆಂಪಿಂಕು,

ಆದೇಶದ ಗಡುವು ಮುಗಿಯಲು ಎರಡು ದಿನ ಇರುವಾಗ ಸೀಟು ಹಾಕಿದರು. ಮ್ಯಾನೇಜರ್ ತಾನೇ ಗಾಡಿ ತಂದು ನಿಲ್ಲಿಸಿ, ಗುಂಡಿ ತೋರಿಸಲು ಬಗ್ಗಿದ. ‘ಬೇಡಪ್ಪ, ನಾನೇ ಹುಡುಕಿಕೊಳ್ತೀನಿ’ ಅಂದೆ.

ಒತ್ತಿದೆ. ಸೀಟು ಮೆಲ್ಲಗೆ ಗುರ್ ಎಂದು ಬಾಗಿಲಿನತ್ತ ತಿರುಗಿತು. ಕೂತೆ. ಮತ್ತೆ ಒತ್ತಿದೆ. ನನ್ನನ್ನೂ ನನ್ನ ಈ ಮರದಂಥ ಕಾಲನ್ನೂ ಒಟ್ಟಿಗೆ ಒಳಗೆ ಕರೆದುಕೊಂಡಿತು. ಬಾಗಿಲು ಎಳೆದುಕೊಂಡೆ. ಭಾವ ಅಭ್ಯಾಸಬಲದಿಂದ ಎರಡೂ ಕೈ ಮುಂದೆ ಚಾಚಿಕೊಂಡು ನಿಂತಿದ್ದರು. ಆ ಕೈಗಳನ್ನು ಎಲ್ಲಿಡುವುದೆಂದು ಪಾಪ ಅವರಿಗೆ ತಿಳಿಯಲಿಲ್ಲ. ಕೊನೆಗೆ ಬೆನ್ನ ಹಿಂದೆ ಕಟ್ಟಿಕೊಂಡರು.

‘ಎಲ್ಲಿಗೆ?’ ಅಂದರು.

‘ಗೊತ್ತಿಲ್ಲ’ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಬೀದಿಯ ತಿರುವು ದಾಟಿದ ಮೇಲೆ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತೆ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಆಮೇಲೆ ಹಾಸಿಗೆ ಹಿಡಿದಿರುವ ಹಳೆಯ ಗಿರಾಕಿಯೊಬ್ಬರ ಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡಿ ಬಂದೆ. ಆರು ವರ್ಷದ ಹಿಂದಿನ ಕನ್ನಡಕವನ್ನೇ ಇನ್ನೂ ಹಾಕಿಕೊಂಡಿದ್ದರು.

ಈ ಶನಿವಾರ ಅಲ್ಲಿಗೆ ಬರುತ್ತೇನೆ. ಐದು ಗಂಟೆಯ ದಾರಿ, ಒಬ್ಬಳೇ. ಭಾವ ದಾರಿಗೆಂದು ನೀರಿನ ಬಾಟಲಿ ಈಗಲೇ ತೆಗೆದಿಟ್ಟಿದ್ದಾರೆ, ಜೊತೆಗೆ ಬರುವ ಮಾತು ಎತ್ತಿಲ್ಲ. ಗಾಡಿಯ ಸದ್ದು ನಿನ್ನ ಕಿವಿಗೆ ಬೀಳುವುದು ಅನುಮಾನ, ಬಿದ್ದರೂ ಓಡಿ ಹೊರಗೆ ಬಂದು ಕೈ ಚಾಚಬೇಡ. ಕಿಟಕಿಯ ಪಕ್ಕ ನಿನ್ನ ಕೆಲಸ ಮಾಡುತ್ತಾ ಕೂತಿರು. ನಾನೇ ಇಳಿದು ಬಂದು ಬಾಗಿಲು ತಟ್ಟುತ್ತೇನೆ.

ಅಕ್ಕ